ಕೊರಳಿನ ಗೆಜ್ಜೆ
ಮಹಾಂತೇಶ ನಗರದ ಆ ಜೈನರ ಮನೆಗೆ ನೀರಿನ ಫಿಲ್ಟರ್ ರಿಪೇರಿಗೆ ಹೋದಾಗಲೆಲ್ಲ, ಕೊರಳಿಗೆ ಗೆಜ್ಜೆ ಕಟ್ಟಿದ ಬೆಕ್ಕು ನನ್ನ ಕಾಲು ಸುತ್ತುತ್ತಿತ್ತು. ಈ ಸಲ ಕಾಣಲಿಲ್ಲ.

“ಬೆಕ್ಕು ಎಲ್ಲೈತ್ರಿ ಕಾಕೂ?” ಎಂದು ಮನೆಯೊಡತಿಯನ್ನು ಕೇಳಿದೆ.

“ಕೊಳ್ಳಾಗಿನ ದಾರ ಹಿತ್ತಲ ತಂತಿಬೇಲಿಗೆ ಸಿಕ್ಕೊಂಡು ಸತ್ತಹೋತಪಾ. ಗುಬ್ಬಿ ಹಿಡೀಬಾರದಂತ ನಾನ ಗೆಜ್ಜಿ ಕಟ್ಟಿದ್ದೆ.”

“ಎಳದ್ರ ಬಿಚ್ಚಿಕೊಳ್ಳೂ ಪಟ್ಟಿ ಸಿಗತಾವಲ್ರೀ,” ಎಂದುಬಿಟ್ಟೆ. ಅನ್ನಬಾರದಿತ್ತು.

ಕಾಕೂ ನನ್ನನ್ನೇ ನೋಡಿದರು. “ಬಿಚ್ಚಬಾರದಂತನ ಗಂಟಿನ ಮ್ಯಾಲ ಗಂಟು ಹಾಕಿದ್ದೆ. ಬಿಚ್ಚಿದ್ರ ಗುಬ್ಬಿ ಸಾಯತಿದ್ವಲ್ಲ?”

ನಾನು ಫಿಲ್ಟರ್ ಬಿಚ್ಚಲು ಕೂತೆ. ಹಿತ್ತಲಲ್ಲಿ ಗುಬ್ಬಿಗಳು ಬೆಕ್ಕಿನ ಬಟ್ಟಲಲ್ಲೇ ನೀರು ಕುಡಿಯುತ್ತಿದ್ದವು.

ಫಿಲ್ಟರಿನ ಪೈಪನ್ನು ಇಲಿ ಕಡಿದಿತ್ತು. ಆ ಮನೆಯಲ್ಲಿ ಇಲಿಪಾಷಾಣ ಇಡಿರಿ ಎನ್ನುವ ಹಾಗಿಲ್ಲ. ಇನ್ನೊಂದು ಬೆಕ್ಕು ಸಾಕಿರಿ ಎನ್ನುವ ಹಾಗಂತೂ ಇಲ್ಲವೇ ಇಲ್ಲ. ಸುಮ್ಮನೆ ಹೊಸ ಪೈಪು ಹಾಕಿ ಬಂದೆ.