ನನಗೆಂದು ಹಿಡಿದ ಸೀಟು

ಮೊನ್ನೆ ಬೀದರಿನ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಲ್ಲುವ ಮೊದಲೇ ಯಾರದೋ ಟವೆಲ್ಲು ಕಿಟಕಿಯಿಂದ ಒಳಗೆ ಹೋಗಿ ಸೀಟಿನ ಮೇಲೆ ಬಿತ್ತು. ಬಿಳಿ ಟವೆಲ್ಲು, ನೀಲಿ ಅಂಚು. ಮೊಣಕಾಲು ನೋಯುತ್ತಿದ್ದರೂ ನಾನು ನಿಂತಲ್ಲೇ ನಿಂತುಬಿಟ್ಟೆ. ನನ್ನ ಕೈಕೆಳಗೆ ಕೆಲಸ ಮಾಡಿದ್ದ ಆ ಟೀಚರ್ ನೆನಪಾದಳು...

ಭಾಲ್ಕಿಯಿಂದ ಬೀದರಿಗೆ ಹೋಗುವ ದಾರಿಯ ಒಂದು ಹಳ್ಳಿಶಾಲೆಗೆ ನಾನು ಆಗ ಹೆಡ್‌ಮೇಡಂ. ಇಬ್ಬರೂ ಭಾಲ್ಕಿಯಿಂದ ಒಂದೇ ಬಸ್ಸಿಗೆ ಹೋಗುತ್ತಿದ್ದೆವು. ಅದು ಬರದ ಕಾಲ. ಗಂಟುಮೂಟೆ ಕಟ್ಟಿಕೊಂಡು ಹೈದರಾಬಾದಿಗೆ ದುಡಿಯಲು ಹೊರಟವರಿಂದ ಬಸ್ಸು ಕಿಕ್ಕಿರಿದಿರುತ್ತಿತ್ತು. ನನ್ನ ಕಾಲುನೋವು ಗೊತ್ತಿದ್ದ ಆಕೆ ದಿನವೂ ಮುಂಚೆ ಬಂದು, ಕಿಟಕಿಯಿಂದ ಟವೆಲ್ಲು ಎಸೆದು ನನಗೊಂದು ಸೀಟು ಹಿಡಿಯುತ್ತಿದ್ದಳು. ಅದೇನೋ ನನಗೆ ಸಲ್ಲಬೇಕಾದ್ದೇ ಎಂಬಂತೆ ನಾನು ಕೂರುತ್ತಿದ್ದೆ.

ಗುಳೆ ಹೋದವರ ಜೊತೆ ಅವರ ಮಕ್ಕಳೂ ಹೋದರು. ಶಾಲೆ ಖಾಲಿಯಾಯಿತೆಂದು ಮೇಲಿನವರು ನನ್ನನ್ನು ಬೈದರು. ನಾನು ಆ ಸಿಟ್ಟನ್ನು ಆಕೆಯ ಮೇಲೆ ತೀರಿಸಿಕೊಂಡೆ.

"ಹುಡುಗರಿಗಿ ಹಿಡದು ಇಟ್ಕೊಳಾಕ ಬರಂಗಿಲ್ಲಾ? ಹಂಗಾದ್ರ ಅವರ ಜಾಗಾದಾಗ ನೀವೇ ಕುಂದ್ರಿ" ಎಂದು ಮಕ್ಕಳ ನಡುವೆ ನೆಲದ ಮೇಲೆ ಕೂರಿಸಿದೆ. ಊರು ಬಿಟ್ಟ ಮಗುವಿನ ಹೆಸರು ಕೂಗಿ ಆಕೆಯ ಬಾಯಿಂದ "ಹಾಜರ್ರಿ" ಅನ್ನಿಸಿದೆ. ಉಳಿದ ಮಕ್ಕಳು ನಕ್ಕರು. ಅವರು ನಕ್ಕದ್ದು ನನಗೆ ಹಿತವಾಗಿತ್ತು. ಅದನ್ನು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಒಂದು ದಿನದ ಮಾತಲ್ಲ, ವಾರಗಟ್ಟಲೆ ಹೀಗೇ ನಡೆಸಿದೆ. ಊರ ಬಾವಿ ಬತ್ತಿದರೆ ಆಕೆಯಾದರೂ ಏನು ಮಾಡಬೇಕಿತ್ತು?

ಕೊನೆಗೆ ಆಕೆ ನನ್ನ ಮೇಲೆ ದೂರು ಕೊಟ್ಟಳು. ವಿಚಾರಣೆಗೆಂದು ಇಬ್ಬರನ್ನೂ ಬೀದರಿಗೆ ಕರೆಸಿದರು. ಅಂದು ಮುಖ ಮರೆಸಿಕೊಂಡು ಬಸ್ಸು ಹತ್ತಿದರೆ, ಆಕೆಯ ಪಕ್ಕದ ಸೀಟಿನ ಮೇಲೆ ಅದೇ ಟವೆಲ್ಲು.

"ಕುಂದ್ರಿ ಮೇಡಮ್ರಿ, ಕಾಲ ನೋಯ್ತಾವ."

ಕೂತೆ. ಬಸ್ಸು ದಾರಿಯ ಹಲಬರ್ಗಾ ಊರು ದಾಟಿತು. ಆಮೇಲೆ ಅಂಗಲಾಚಿದೆ: "ದೂರು ವಾಪಸ್ ತಗೊಳ್ರಿ. ನನ್ನ ನೌಕರಿ ಹೋಗ್ತದ."

"ಅದು ಆಗಂಗಿಲ್ರಿ. ಮಕ್ಕಳ ಮುಂದ ಆಗ್ಯಾದ್ರಿ. ಸುಳ್ಳು ಅಂತ ಹೇಳಿ ಅವರಿಗಿ ಹ್ಯಾಂಗ ಮುಖಾ ತೋರಿಸ್ಲಿರಿ?" ಎಂದು ಟವೆಲ್ಲು ಮಡಚಿ ತೊಡೆಯ ಮೇಲಿಟ್ಟುಕೊಂಡಳು.

ವಿಚಾರಣೆಯಲ್ಲಿ ನಡೆದಷ್ಟನ್ನೇ ಹೇಳಿದಳು, ಒಂದು ಮಾತೂ ಹೆಚ್ಚಿಲ್ಲ. ನಾನು ತಲೆ ತಗ್ಗಿಸಿ ಹೌದು ಅಂದೆ. ಮುಂದೆ ನೌಕರಿಯೇನೋ ಉಳಿಯಿತು. ಹೆಡ್‌ಮೇಡಂ ಕುರ್ಚಿ ಹೋಯಿತು, ಔರಾದ್ ಕಡೆಗೆ ವರ್ಗವಾಯಿತು. ಆದರೆ ಅಂದಿನ ಸಂಜೆಯೇ ನನ್ನನ್ನು ಬಿಡುವುದಿಲ್ಲ. ಭಾಲ್ಕಿಗೆ ಮರಳುವ ಬಸ್ಸಿನಲ್ಲಿ ಸೀಟು ಹಿಡಿದು, ಆಕೆ ಕಿಟಕಿಯಿಂದ ಕೈ ಮಾಡಿ ನನ್ನನ್ನು ಕರೆದಳು. ನಾನು ಕಂಬದ ಮರೆಗೆ ಸರಿದೆ. ಬಸ್ಸು ಹೋಯಿತು...

ವರ್ಗವಾಗುವವರೆಗೂ ನಾನು ರಜೆ ಹಾಕಿದೆ; ಮತ್ತೆ ಭೇಟಿಯಾಗಲೇ ಇಲ್ಲ. ಆಕೆ ತೀರಿಕೊಂಡದ್ದು ನನಗೆ ಎಷ್ಟೋ ತಿಂಗಳ ಮೇಲೆ ಗೊತ್ತಾಯಿತು. ತಪ್ಪಾಯಿತು ಎಂಬ ಒಂದು ಮಾತನ್ನೂ ನಾನು ಆಕೆಗೆ ಹೇಳಿರಲಿಲ್ಲ.

ಮೊನ್ನೆ ಕಡೆಗೂ ಆ ಬಸ್ಸಿನ ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ಯಾವಾಗ ಇಟ್ಟೆನೋ, ಪಕ್ಕದ ಸೀಟಿನ ಮೇಲೆ ನನ್ನ ಚೀಲವಿತ್ತು. ಕೂಸನ್ನೆತ್ತಿಕೊಂಡ ಹೆಣ್ಣುಮಗಳೊಬ್ಬಳು ಬಂದು, "ಇಲ್ಲಿ ಯಾರರ ಬರೋರು ಅದಾರೇನ್ರಿ?" ಎಂದಳು.

"ಇಲ್ಲವ್ವಾ, ಯಾರೂ ಬರಂಗಿಲ್ಲ" ಎಂದು ಚೀಲ ಎತ್ತಿಕೊಂಡೆ.