ಎಲ್ಲರನ್ನೂ ‘ಮಗಾ’ ಎಂದ ಗಾಳಿ ಮೇಸ್ತ್ರಿಗಳು

ಮಣ್ಣಿನ ರಾಡಿಯನ್ನು ಕೊಳವೆಯಲ್ಲಿ ಹರಿಸುವುದು ಸುಲಭ, ಬೇಕೆಂದ ಗಳಿಗೆಯಲ್ಲಿ ನಿಲ್ಲಿಸುವುದೇ ಕಷ್ಟ ಎಂಬುದನ್ನು ಟೈಲ್ಸ್ ಕಾರ್ಖಾನೆಯಲ್ಲಿ ದುಡಿದವರೆಲ್ಲ ಬಲ್ಲರು. ರಾಡಿಯಲ್ಲಿರುವ ಮರಳು ಕಬ್ಬಿಣದ ವಾಲ್ವನ್ನು ಗೆದ್ದಲು ಮರ ತಿಂದಂತೆ ಒಳಗಿಂದೊಳಗೇ ತಿಂದು ಹಾಕುತ್ತದೆ. ಅಂಥ ಕಡೆ ಗಾಳಿಯಿಂದ ನಡೆಯುವ ಪಿಂಚ್ ವಾಲ್ವುಗಳನ್ನು ತಂದು, ಪಳಗಿಸಿ, ಇಡೀ ಕಾರ್ಖಾನೆಯ ಹರಿವನ್ನು ಹದಕ್ಕೆ ತಂದವರು ಇಂದು ನಿವೃತ್ತರಾಗುತ್ತಿರುವ ನಮ್ಮ ಗಾಳಿ ಮೇಸ್ತ್ರಿಗಳು. ಈ ವಿದ್ಯೆಯಲ್ಲಿ ಅವರಿಗೆ ಸಮನಾದವರನ್ನು ನಾನು ಕಂಡಿಲ್ಲ. ಅವರು ನನ್ನ ತಂದೆ ಎಂಬ ಕಾರಣಕ್ಕೆ ಈ ಮಾತು ಹೇಳುತ್ತಿಲ್ಲ, ತಂದೆಯಾಗಿದ್ದರೂ ಹೇಳುತ್ತಿದ್ದೇನೆ.

ನಾನು ಎಂಟನೇ ತರಗತಿಗೇ ಶಾಲೆಗೆ ಕೈ ಮುಗಿದವನು. ನನ್ನ ಕಾಗುಣಿತವನ್ನು ಈ ಅಭಿನಂದನಾ ಸಂಪುಟದ ಸಮಿತಿಯವರು ತಿದ್ದಿಕೊಳ್ಳಲಿ, ಅರ್ಥವನ್ನು ತಿದ್ದಬಾರದು.

ಮೇಸ್ತ್ರಿಗಳು ಕೆಲಸಕ್ಕೆ ಸೇರಿದ ಕಾಲದಲ್ಲಿ ರಬ್ಬರಿನ ವಾಲ್ವ್ ಎಂದರೆ ನಗುತ್ತಿದ್ದರಂತೆ. ಲೋಹದ ಕವಚದೊಳಗೆ ಒಂದು ರಬ್ಬರ್ ಕೊಳವೆ, ಎರಡರ ನಡುವೆ ಸಣ್ಣ ಸಂದು. ಅಷ್ಟೇ ಅದರ ಸಂಸಾರ. ಸಂದಿಗೆ ಗಾಳಿ ತುಂಬಿದರೆ ರಬ್ಬರ್ ಎರಡು ತುಟಿಗಳಂತೆ ಕೂಡಿಕೊಂಡು ರಾಡಿಯನ್ನು ತಡೆಯುತ್ತದೆ, ನಡುವೆ ಕಲ್ಲಿನ ಚೂರು ಸಿಕ್ಕಿದರೂ ಅದನ್ನು ಅಪ್ಪಿಕೊಂಡೇ ಮುಚ್ಚುತ್ತದೆ. ಗಾಳಿಯನ್ನು ಹೊರಬಿಟ್ಟರೆ ತಾನಾಗಿ ಅರಳಿ ದಾರಿ ಕೊಡುತ್ತದೆ. ಗಾಳಿ ಕಡಿಮೆಯಾದರೆ ರಾಡಿ ಸೋರುತ್ತದೆ, ಹೆಚ್ಚಾದರೆ ರಬ್ಬರ್ ಮಡಿಕೆಯಲ್ಲೇ ಸೀಳುತ್ತದೆ. ಹೊಸದಾಗಿ ಬಂದವರು ಹೆದರಿಕೊಂಡು ಗಾಳಿಯನ್ನು ಏರಿಸುತ್ತಲೇ ಹೋಗುವಾಗ ಮೇಸ್ತ್ರಿಗಳು ಅವರ ಕೈ ಹಿಡಿದು, “ಕುತ್ತಿಗೆ ಹಿಸುಕ್ಬೇಡ ಮಗಾ, ಬಾಯಿ ಮುಚ್ಚಿಸು ಸಾಕು” ಎನ್ನುತ್ತಿದ್ದರು.

ಮಗಾ! ಈ ಸಂಪುಟಕ್ಕೆ ಬರೆದವರೆಲ್ಲ ಈ ಪದವನ್ನು ಕಣ್ಣಿಗೊತ್ತಿಕೊಂಡಿದ್ದಾರೆ. ಕಂಪ್ರೆಸರ್ ನೋಡಿಕೊಳ್ಳುವವನು ಮಗ, ಲಾರಿಯವನು ಮಗ, ಇವರಿಗಿಂತ ಒಂದೇ ವರ್ಷ ಚಿಕ್ಕವರಾದ ಸ್ಟೋರ್ಸ್ ಅಣ್ಣನೂ ಮಗ! ಸ್ಟೋರ್ಸ್ ಅಣ್ಣನ ಕೈ ಮುರಿದಿದ್ದಾಗ ದಿನವೂ ಗೇಟಿನ ಬಳಿ ಮಂಡಿಯೂರಿ ಅವರ ಬೂಟಿನ ದಾರ ಕಟ್ಟಿದವರು ನಮ್ಮ ಮೇಸ್ತ್ರಿಗಳು. ಕನ್ನಡಕ ಎಂದೇ ನಾವು ಕರೆಯುವ ಫಿಟ್ಟರ್, ತಾಯಿ ತೀರಿಕೊಂಡ ಮೇಲೆ ಊಟ ಬಿಟ್ಟಾಗ, ಎದುರಿಗೆ ಕೂತು ಅವನ ಡಬ್ಬಿ ಖಾಲಿಯಾಗುವವರೆಗೆ ಏಳದಿದ್ದವರೂ ಅವರೇ. ಇದೆಲ್ಲ ನಿಜ, ನಾನೇ ಕಣ್ಣಾರೆ ಕಂಡಿದ್ದೇನೆ, ಪಕ್ಕದ ಬೆಂಚಿನಿಂದ. ನನ್ನನ್ನು ಮಾತ್ರ, ನಾನು ಕೆಲಸಕ್ಕೆ ಸೇರಿದ ದಿನದಿಂದ, ಅವರು “ರೀ ಫಿಟ್ಟರ್” ಎಂದೇ ಕರೆದರು. ನಿಮಗೆಲ್ಲ ತಂದೆಯಂತಿದ್ದವರು ನನಗೆ ಮೇಸ್ತ್ರಿಯಂತಿದ್ದರು. ನಿಮ್ಮ ಲೇಖನಗಳನ್ನು ಓದುವಾಗ ನನಗೆ ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ?

ಮೇಸ್ತ್ರಿಗಳು ತಮ್ಮ ಜಾಗಕ್ಕೆ ಒಬ್ಬರನ್ನು ಸೂಚಿಸಬೇಕೆಂದು ಮ್ಯಾನೇಜರ್ ಕೇಳಿದಾಗ ಕಣದಲ್ಲಿ ಉಳಿದವರು ಇಬ್ಬರು, ಕನ್ನಡಕ ಮತ್ತು ನಾನು. ಇಬ್ಬರೂ ಎಲ್ಲರೆದುರು ರಾಡಿ ಲೈನಿನಲ್ಲಿ ಹೊಸ ರಬ್ಬರ್ ಕೂರಿಸಬೇಕಾಯಿತು. ನನ್ನ ವಾಲ್ವ್ ಮೊದಲ ಗಾಳಿಗೇ ಮುಚ್ಚಿತು, ಒಂದು ಹನಿ ಬೀಳಲಿಲ್ಲ. ಮೇಸ್ತ್ರಿಗಳು ನೋಡಿದರು, ಮುಂದಕ್ಕೆ ಹೋದರು. ಕನ್ನಡಕನದು ನೂಲಿನಂತೆ ಸೋರಿತು. ಅವನ ಬೆನ್ನ ಮೇಲೆ ಕೈಯಿಟ್ಟು, “ಗಾಬರಿ ಬೇಡ ಮಗಾ, ಒಂದು ಕಡೆ ಸೊಟ್ಟ ಕೂತಿದೆ, ಬಿಚ್ಚಿ ಮತ್ತೆ ಕೂರ್ಸು” ಎಂದರು. ಅವನು ಕೂರಿಸಿದ. ಮೇಸ್ತ್ರಿಗಳು ಅವನ ಹೆಸರು ಹೇಳಿದರು, ಜಾಗ ಅವನಿಗೇ ಸಿಕ್ಕಿತು.

ಅಂದು ಮನೆಯಲ್ಲಿ ನಾನು ಚೀಲವನ್ನು ನೆಲಕ್ಕೆ ಕುಕ್ಕಿದೆ.

“ಸೋರಿದ್ದು ಯಾರ್ದಪ್ಪಾ?”

“ಅವನ್ದು.”

“ಮತ್ತೆ ನನ್ದು?”

“ಸೋರ್ಲಿಲ್ಲ.”

“ಸೋರ್ಲಿಲ್ಲ ಅಂತ ಬಕೆಟ್ಟಿಗೆ ಹೇಳ್ತಾರೆ, ಮಗನಿಗಲ್ಲ!”

ಅಮ್ಮ ಒಳಗಿನಿಂದ ಬಂದು ನನ್ನ ಪಕ್ಕ ನಿಂತಳು. “ಅಲ್ರೀ, ಊರಿಗೆಲ್ಲ ಹಂಚೋ ಬಾಯಿ ಹೊಸ್ತಿಲು ದಾಟಿದ ಕೂಡ್ಲೇ ಒಣಗೋಗುತ್ತಾ?”

ಅಪ್ಪ ಅಂಗಿಯ ಗುಂಡಿ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ ಕುಳಿತರು. “ನಾನು ಇವನ ಹೆಸರು ಹೇಳಿದ್ರೆ ಜನ ವಾಲ್ವ್ ನೋಡ್ತಾರಾ, ನನ್ನ ಮುಖ ನೋಡ್ತಾರಾ? ಆಮೇಲೆ ಇವ್ನು ಜೀವನ ಪೂರ್ತಿ ಅಪ್ಪನ ದೆಸೆಯಿಂದ ಬಂದೋನು ಅನ್ನಿಸ್ಕೊಳ್ಬೇಕು.”

“ನನ್ನ ಕೇಳಿದ್ರಾ? ಅನ್ನಿಸ್ಕೊಳ್ತಿದ್ದೆ!” ಎಂದೆ. ಅವರು ಉಳಿದ ಗುಂಡಿಗಳನ್ನು ಬಿಚ್ಚತೊಡಗಿದರು.

ಮರುದಿನ ಸ್ಟೋರ್ಸ್ ಅಣ್ಣ ನನಗೆ ಸಮಾಧಾನ ಹೇಳಲು ಬಂದರು. “ನಿಮ್ಮಪ್ಪ ನಿನಗೂ ಅಳತೆ ನೋಡಿ ಗಾಳಿ ಕೊಟ್ಟಿದ್ದಾರೆ ಕಣೋ, ಸೀಳ್ಬಾರ್ದು ಅಂತ.” ಈ ಉಪಮೆ ಸಂಪುಟದಲ್ಲಿ ಇನ್ನೂ ಎರಡು ಕಡೆ ಇದೆ. ದಯವಿಟ್ಟು ತೆಗೆದುಹಾಕಿ. ನಾನು ರಬ್ಬರ್ ಅಲ್ಲ.

ಆದರೂ ಒಂದು ಮಾತನ್ನು ಒಪ್ಪಲೇಬೇಕು. ಈ ಮನುಷ್ಯನ ಕೈಕೆಳಗೆ ಯಾರೂ ಶಿಫಾರಸಿನಿಂದ ಮೇಲೆ ಬರಲಿಲ್ಲ, ಯಾರೂ ಅವಮಾನದಿಂದ ಕೆಳಗೆ ಹೋಗಲಿಲ್ಲ. ಕನ್ನಡಕ ನಾಳೆಯಿಂದ ನನ್ನ ಮೇಸ್ತ್ರಿ. ತಪ್ಪಿದ್ದನ್ನು ಬಿಚ್ಚಿ ಮತ್ತೆ ಕೂರಿಸಲು ಅವನು ನಾಚುವುದಿಲ್ಲ. ನಾನಾಗಿದ್ದರೆ ಸ್ಪ್ಯಾನರ್ ಎಸೆಯುತ್ತಿದ್ದೆ. ಅವನನ್ನು ಆರಿಸಿದ್ದು ಪೂರ್ತಿ ತಪ್ಪು ಎಂದು ನಾನು ಹೇಳಲಾರೆ. ಹೇಳಬೇಕೆಂಬ ಆಸೆಯೇನೋ ಬಹಳ ಇದೆ.

ಗಾಳಿ ಮೇಸ್ತ್ರಿಗಳು ಆರೋಗ್ಯವಂತರಾಗಿ ನೂರ್ಕಾಲ ಬಾಳಲಿ, ಅವರ ಕೈ ಎಂದೂ ಸುಮ್ಮನಿರದಿರಲಿ, ಅವರ ವಿದ್ಯೆ ಕೇಳಿದವರಿಗೆಲ್ಲ ದೊರೆಯಲಿ ಎಂದು ಎಲ್ಲರೊಡನೆ ನಾನೂ ಹಾರೈಸುತ್ತೇನೆ. ಕೊನೆಯ ಮಾತು ಮಾತ್ರ ಮೇಸ್ತ್ರಿಗಳಿಗಲ್ಲ. ಅಪ್ಪಾ, ಇನ್ನು ಮೇಲೆ ನಿಮ್ಮ ಹೊಗಳಿಕೆಯಿಂದ ನನಗೆ ಯಾವ ಬಡ್ತಿಯೂ ಸಿಗುವುದಿಲ್ಲ, ಪಕ್ಷಪಾತವೆಂದು ದೂರಲು ಯಾರಿಗೂ ಕಾರಣವಿಲ್ಲ. ಆ ದಿನ ನನ್ನ ಕೆಲಸ ಹೇಗಿತ್ತು, ಇನ್ನಾದರೂ ಹೇಳಬಹುದು.