ಕಟ್ಟೆಯ ಮೇಲಿಟ್ಟ ಕಾಫಿ

ತ್ಯಾಗರಾಜನಗರದ ಸುಪ್ರಜಾ ರಾಗಿ ಸರಿ ಮಾಡಿ ಮಾರಲು ಶುರುಮಾಡಿದ್ದು ಧೈರ್ಯದಿಂದಲ್ಲ, ಹೆದರಿಕೆಯಿಂದ. ತನ್ನ ಮಗಳಿಗೆ ಅಂಗಡಿಯ ಡಬ್ಬದ ಹಿಟ್ಟು ತಿನ್ನಿಸಲು ಅವಳಿಗೆ ಕೈ ಬರಲಿಲ್ಲ. ರಾಗಿ ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿಸಿ, ತೆಳು ಬಟ್ಟೆಯಲ್ಲಿ ಶೋಧಿಸಿದಳು. ಪಕ್ಕದ ಮನೆಯವರು ಕೇಳಿದರು, ಅವರ ನಾದಿನಿ ಕೇಳಿದಳು. ಆರು ವರ್ಷದಲ್ಲಿ ಮನೆಯ ಕೆಳಗಿನ ಕಾರ್ ಶೆಡ್ಡೇ ಕಾರ್ಖಾನೆಯಾಯಿತು. ಕೆಲಸಕ್ಕೆ ಮೂವರು: ಮೊದಲ ದಿನದಿಂದಲೂ ಇದ್ದ ಮಾಧವಕ್ಕ, ವಯಸ್ಸಾದ ನಾರಾಯಣಮ್ಮ, ಹೋದ ವರ್ಷ ಸೇರಿದ ಮೀನಾ.

ಮದುವೆಗೆ ಮುಂಚೆ ಸುಪ್ರಜಾ ದುಡಿದಿದ್ದ ಆಫೀಸಿನಲ್ಲಿ ತಪ್ಪು ಮಾಡಿದವರನ್ನು ಎಲ್ಲರೆದುರು ನಿಲ್ಲಿಸಿ ಮಾನ ಕಳೆಯುತ್ತಿದ್ದರು. ಹಾಗಾಗಿ ಅಲ್ಲಿ ಎಲ್ಲರೂ ಮುಚ್ಚಿಡುವುದರಲ್ಲಿ ಪಳಗಿದ್ದರು. ತನ್ನ ಶೆಡ್ಡಿನಲ್ಲಿ ಹಾಗಾಗಬಾರದು, ಎಳೆ ಮಕ್ಕಳ ಬಾಯಿಗೆ ಹೋಗುವ ವಸ್ತು ಎಂದು ಅವಳು ಒಂದು ಪದ್ಧತಿ ಮಾಡಿದಳು. ದಿನಾ ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಅವಳೇ ಕಾಫಿ ಬೆರೆಸಿ ಒಬ್ಬೊಬ್ಬರ ಕೈಗೂ ಲೋಟ ಕೊಡುತ್ತಾಳೆ. ಕುಡಿಯುತ್ತ ಪ್ರತಿಯೊಬ್ಬರೂ ಹಿಂದಿನ ದಿನದ ತಮ್ಮ ಒಂದು ತಪ್ಪು ಹೇಳಬೇಕು. ಮೊದಲು ಯಜಮಾನತಿಯದೇ. ಯಾರಿಗೂ ಬೈಗುಳವಿಲ್ಲ. ಇಂಥದ್ದು ಯಾವ ದೊಡ್ಡ ಕಂಪನಿಯಲ್ಲೂ ಇಲ್ಲ ಎಂದು ಗಂಡನೆದುರು ಬೀಗುತ್ತಿದ್ದಳು. ಶನಿವಾರ ಮನೆಗೆ ಹೋಗುವಾಗ ಒಬ್ಬೊಬ್ಬರೂ ಒಂದೊಂದು ಪ್ಯಾಕೆಟ್ ಒಯ್ಯಬಹುದಿತ್ತು. ಮಾಧವಕ್ಕನ ಮನೆಯಲ್ಲಿ ಎಂಟು ತಿಂಗಳ ಮೊಮ್ಮಗನಿದ್ದ.

ಒಂದು ಬುಧವಾರ ಮಧ್ಯಾಹ್ನ ಮಲ್ಲೇಶ್ವರದಿಂದ ದೀಪ್ತಿ ಎಂಬ ಗಿರಾಕಿಯ ಫೋನು ಬಂತು. ಅವಳ ಏಳು ತಿಂಗಳ ಮಗುವಿಗೆ ಸರಿ ತಿನ್ನಿಸಿದ ಅರ್ಧ ಗಂಟೆಗೆ ತುಟಿ ಊದಿ ಮೈತುಂಬ ದದ್ದು ಎದ್ದಿತ್ತಂತೆ. ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಕಳಿಸಿದ್ದರು. ಈಗ ಮಗು ಆಡಿಕೊಂಡಿದೆ, ಆದರೆ ಡಾಕ್ಟರ್ ಗೋಡಂಬಿಯ ಅಲರ್ಜಿ ಎನ್ನುತ್ತಾರೆ.

"ಪ್ಯಾಕೆಟ್ ಮೇಲೆ ಬರೀ ರಾಗಿ ಅಂತ ಇದೆಯಲ್ಲ ಮೇಡಂ," ಎಂದಳು ದೀಪ್ತಿ. ಅವಳು ಕೂಗಾಡಿದ್ದರೆ ಸುಪ್ರಜಾಳಿಗೆ ಎಷ್ಟೋ ವಾಸಿಯಿತ್ತು. "ಅಮ್ಮ ಬೇಡ ಅಂದ್ರೂ ನಾನೇ ನಿಮ್ಮನ್ನ ನಂಬಿ ತಿನ್ಸಿದೆ."

ಶೆಡ್ಡಿನಲ್ಲಿ ಎರಡು ಬಗೆಯ ಹಿಟ್ಟಾಗುತ್ತಿತ್ತು, ಬರೀ ರಾಗಿಯದೊಂದು, ದೊಡ್ಡ ಮಕ್ಕಳಿಗೆ ಗೋಡಂಬಿ ಹಾಕಿದ್ದೊಂದು. ಬಾಣಲೆ ಬೇರೆ, ಶೋಧಿಸುವ ಬಟ್ಟೆ ಬೇರೆ. ದೀಪ್ತಿಯ ಪ್ಯಾಕೆಟ್ಟಿನ ತಾರೀಖು ನೋಡಿದರೆ ಅದು ಕಟ್ಟಿದ್ದು ಹೋದ ವಾರದ ಹಿಂದಿನ ಗುರುವಾರ. ಅವತ್ತು ಕಟ್ಟಿದ್ದು ನಲವತ್ತು ಪ್ಯಾಕೆಟ್ಟು. ಸುಪ್ರಜಾ ಆ ಕ್ಷಣವೇ ಶೆಡ್ಡಿಗಿಳಿದು ಅವತ್ತು ಏನಾಯಿತು ಎಂದು ಕೇಳಿದಳು.

ಮೀನಾ ಮಾಧವಕ್ಕನತ್ತ ನೋಡಿದಳು. ಮಾಧವಕ್ಕ ಕೈಯಲ್ಲಿದ್ದ ಜರಡಿಯನ್ನೇ ನೋಡುತ್ತಿದ್ದಳು. ಕೊನೆಗೆ ಬಾಯಿ ಬಿಟ್ಟದ್ದು ನಾರಾಯಣಮ್ಮ.

"ಈ ಮಾಧವಕ್ಕ ಗೋಡಂಬಿ ಬಟ್ಟೇಲೇ ಬರೀ ರಾಗೀನೂ ಶೋಧಿಸ್ಬಿಟ್ಟಿದ್ಲು. ಪ್ಯಾಕ್ ಆದ್ಮೇಲೆ ಗೊತ್ತಾಯ್ತು. ನಮ್ ಮೂರೂ ಜನಕ್ಕೂ ಗೊತ್ತಿತ್ತು, ಸುಪ್ರಜಮ್ಮ."

ಸುಪ್ರಜಾ ಲೆಕ್ಕ ಹಾಕಿದಳು. ಅವತ್ತಿನಿಂದ ಹನ್ನೊಂದು ಬೆಳಗಿನ ಕಾಫಿ ಆಗಿತ್ತು. ಮಾಧವಕ್ಕ ಆ ಹನ್ನೊಂದು ದಿನವೂ ತಪ್ಪು ಹೇಳಿದ್ದಳು. ಲೇಬಲ್ ಸೊಟ್ಟಗೆ ಅಂಟಿಸಿದೆ, ಹತ್ತು ನಿಮಿಷ ತಡವಾಗಿ ಬಂದೆ, ಮುಚ್ಚಳ ಒಡೆದೆ. ದೇವರ ಮುಂದೆ ಹೂವಿಟ್ಟ ಹಾಗೆ ದಿನಕ್ಕೊಂದು ಸಣ್ಣ ತಪ್ಪು.

ಆಮೇಲೆ ನೆನಪಾದದ್ದು ಇನ್ನೂ ಕೆಟ್ಟದ್ದು. ಎರಡು ಶನಿವಾರವೂ ಮಾಧವಕ್ಕ ಎದುರಿಗಿದ್ದ ಪ್ಯಾಕೆಟ್ ಬಿಟ್ಟು, ಕಪಾಟಿನ ಹಿಂದಿನಿಂದ ಹಳೆಯದನ್ನು ಹುಡುಕಿ ತೆಗೆದಿದ್ದಳು. "ಹಳೇದು ಖಾಲಿಯಾಗ್ಲಿ ಬಿಡಿ" ಎಂದಿದ್ದಳು. ಎಂಥ ಜವಾಬ್ದಾರಿ ಎಂದು ಸುಪ್ರಜಾ ಮನಸ್ಸಿನಲ್ಲೇ ಹೊಗಳಿದ್ದಳು.

"ನಿಮ್ಮ ಮೊಮ್ಮಗನಿಗೆ ಮಾತ್ರ ಅದನ್ನ ಒಯ್ಯಲಿಲ್ಲ, ಅಲ್ವಾ ಮಾಧವಕ್ಕ?"

ಮಾಧವಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ನನ್ನ ಮಗಳನ್ನು ಎತ್ತಿ ಆಡಿಸಿದ ಕೈ ಇದು ಎಂದುಕೊಂಡಳು ಸುಪ್ರಜಾ. ನಾನು ಯಾವತ್ತಾದರೂ ಯಾರಿಗಾದರೂ ಬೈದಿದ್ದೀನಾ, ಹೇಳಿದ್ದರೆ ಅವತ್ತೇ ನಲವತ್ತು ಮನೆಗೂ ಫೋನು ಮಾಡುತ್ತಿರಲಿಲ್ಲವಾ ಎಂದು ಕೇಳಿದಳು.

"ಬೈದಿದ್ರೆ ಚೆನ್ನಾಗಿತ್ತು," ಎಂದರು ನಾರಾಯಣಮ್ಮ. "ಆಷಾಢದಲ್ಲಿ ಡ್ರಮ್ಮಿನ ಮುಚ್ಚಳ ಸರಿಯಾಗಿ ಹಾಕ್ದೆ ಹಿಟ್ಟೆಲ್ಲ ಬೂಸ್ಟು ಹಿಡೀತಲ್ಲ, ಈ ಮೀನಾ ತಾನಾಗೇ ಹೇಳಿದ್ಲು. ಪರವಾಗಿಲ್ಲ ಅಂದ್ರಿ. ಮಾರನೇ ದಿನದಿಂದ ಎಲ್ರಿಗೂ ಕಾಫಿ ಕೈಗೆ ಕೊಟ್ರಿ, ಇವಳ ಲೋಟ ಮಾತ್ರ ಕಟ್ಟೆ ಮೇಲಿಟ್ರಿ. ಎಂಟು ದಿನ. ನಾವು ಎಣಿಸಿದೀವಿ."

ಸುಪ್ರಜಾಳಿಗೆ ಅದು ನೆನಪೇ ಇರಲಿಲ್ಲ. ಸುಳ್ಳು ಎನ್ನಲು ಬಾಯಿ ತೆರೆದವಳಿಗೆ ಮೀನಾಳ ಮುಖ ನೋಡಿ ಅದು ನಿಜವೆಂದು ಗೊತ್ತಾಯಿತು.

ಅವತ್ತು ಸಂಜೆಯೊಳಗೆ ಅವಳು ಉಳಿದ ಮೂವತ್ತೊಂಬತ್ತು ಮನೆಗೂ ತಾನೇ ಫೋನು ಮಾಡಿದಳು. ಫೋನು ಎತ್ತದ ಒಂದೇ ಮನೆಗೆ, ಚಾಮರಾಜಪೇಟೆಗೆ, ಆಟೋದಲ್ಲಿ ಹೋಗಿ ಪ್ಯಾಕೆಟ್ ವಾಪಸ್ ತಂದಳು. ಬೇರೆ ಯಾವ ಮಗುವಿಗೂ ಏನೂ ಆಗಿರಲಿಲ್ಲ. ಕೆಲವರು ಥ್ಯಾಂಕ್ಸ್ ಹೇಳಿದರು. ಹೆಚ್ಚಿನವರು ಇನ್ನು ಮುಂದೆ ಬೇಡ ಎಂದರು. ಅವರ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು.

ಗುರುವಾರ ಬೆಳಿಗ್ಗೆ ಮೂವರೂ ಬಂದರು. ಮಾಧವಕ್ಕ ಬರುತ್ತಾಳೆಂದು ಸುಪ್ರಜಾ ಅಂದುಕೊಂಡಿರಲಿಲ್ಲ. ಬರದಿದ್ದರೇ ಒಳ್ಳೆಯದಿತ್ತು ಎಂದೂ ಅನ್ನಿಸಿತು. ಕಾಫಿ ಬೆರೆಸಿದಳು. ನಾರಾಯಣಮ್ಮನ ಕೈಗೆ ಕೊಟ್ಟಳು, ಮೀನಾಳ ಕೈಗೆ ಕೊಟ್ಟಳು. ಮೂರನೆಯ ಲೋಟ ಹಿಡಿದವಳು, ಆಷಾಢದ ಎಂಟು ದಿನವೂ ನನ್ನ ತಪ್ಪು, ಅದನ್ನು ಒಂದು ದಿನವೂ ಹೇಳಲಿಲ್ಲ ಎಂದು ಹೇಳತೊಡಗಿದಳು. ಹೇಳುತ್ತಿರುವಾಗಲೇ ಟಕ್ ಎಂದು ಸದ್ದಾಯಿತು.

ಮಾಧವಕ್ಕನ ಲೋಟ ಕಟ್ಟೆಯ ಮೇಲಿತ್ತು. ಅದನ್ನು ಅಲ್ಲಿಟ್ಟದ್ದು ತನ್ನದೇ ಕೈ.

ಸುಪ್ರಜಾ ಲೋಟವನ್ನು ಮತ್ತೆ ಎತ್ತಿ ಮಾಧವಕ್ಕನ ಕೈಗೆ ಕೊಟ್ಟಳು. ಮುಖ ನೋಡಲು ಮಾತ್ರ ಆಗಲಿಲ್ಲ.